ಬಿಟ್ಟವರು, ಮುಗಿಸಿದವರು: ಹಾಯಿದೋಣಿಯ ಪಂದ್ಯ ನೋಡುತ್ತ ಹುಟ್ಟಿದ ಕೆಲವು ವಿಚಾರಗಳು

2021ರ ಜನವರಿ 28ರ ನಸುಕು. ನಮ್ಮ ಗಡಿಯಾರದಲ್ಲಿ ಒಂದು ಗಂಟೆ ದಾಟಿ ಐದು ನಿಮಿಷವಾಗಿತ್ತು. ಫ್ರಾನ್ಸಿನ ಪಶ್ಚಿಮ ಕರಾವಳಿಯ ಲೆ ಸಾಬ್ಲ್ ದೊಲೊನ್ ಬಂದರಿನಲ್ಲಿ ಆಗಿನ್ನೂ ಹಿಂದಿನ ದಿನದ ರಾತ್ರಿ. ವಾಂದೇ ಗ್ಲೋಬ್ ಎಂಬ ಪಂದ್ಯದ ಮುಕ್ತಾಯವನ್ನು ನಾನು ಗಣಕದ ಪರದೆಯ ಮೇಲೆ ನೋಡುತ್ತಿದ್ದೆ. ಒಬ್ಬರೇ ನಾವಿಕರು, ಎಲ್ಲಿಯೂ ತಂಗದೆ, ಹೊರಗಿನ ನೆರವು ಪಡೆಯದೆ, ಹಾಯಿಯ ಬಲವೊಂದರಿಂದಲೇ ಭೂಮಂಡಲವನ್ನು ಸುತ್ತಿ ಹೊರಟಲ್ಲಿಗೇ ಮರಳಬೇಕೆಂಬುದು ಆ ಪಂದ್ಯದ ನಿಯಮ. ಹಿಂದಿನ ನವೆಂಬರ್ 8ರಂದು 33 ಜನ ಹೊರಟಿದ್ದರು. ಎಂಬತ್ತು ದಿನಗಳ ಅನಂತರ ಚಾರ್ಲಿ ಡಾಲಿನ್ ಎಲ್ಲರಿಗಿಂತ ಮೊದಲು ಗೆರೆಯನ್ನು ದಾಟಿದರು. ಆದರೆ ಗೆದ್ದವರು ಅವರಲ್ಲ. ಏಳು ಮುಕ್ಕಾಲು ಗಂಟೆಗಳಷ್ಟು ತಡವಾಗಿ, ಮೂರನೆಯವರಾಗಿ ಬಂದ ಯಾನಿಕ್ ಬೆಸ್ತಾವೆನ್ ಅವರ ಲೆಕ್ಕದಿಂದ 10 ಗಂಟೆ 15 ನಿಮಿಷಗಳನ್ನು ಕಳೆಯಲಾಗಿತ್ತು. ಹೀಗಾಗಿ ಎರಡೂವರೆ ಗಂಟೆಗಳ ಅಂತರದಿಂದ ಅವರೇ ವಿಜಯಿಗಳು.

ಆ ಹತ್ತೂಕಾಲು ಗಂಟೆ ಎಲ್ಲಿಂದ ಬಂತು? ನವೆಂಬರ್ 30ರಂದು ಗುಡ್‌ಹೋಪ್ ಭೂಶಿರದ ನೈಋತ್ಯಕ್ಕೆ ಕೆವಿನ್ ಎಸ್ಕೋಫಿಯೆ ಅವರ ದೋಣಿ ಅಲೆಯೊಂದಕ್ಕೆ ಸಿಕ್ಕಿ ಮುರಿದು ಮಡಚಿಕೊಂಡಿತು. ಅವರು ರಕ್ಷಣಾ ತೆಪ್ಪಕ್ಕೆ ಹಾರಿ ಹನ್ನೊಂದು ಗಂಟೆಗೂ ಮೀರಿ ಕತ್ತಲ ಕಡಲಿನಲ್ಲಿ ತೇಲುತ್ತಿದ್ದರು. ಪಂದ್ಯದ ನಿರ್ವಾಹಕರು ಹತ್ತಿರದಲ್ಲಿದ್ದ ನಾಲ್ವರು ಸ್ಪರ್ಧಿಗಳನ್ನು ದಾರಿ ಬಿಟ್ಟು ಹುಡುಕಲು ಹಚ್ಚಿದರು. ಬೆಸ್ತಾವೆನ್ ಅವರಲ್ಲೊಬ್ಬರು. ಎಸ್ಕೋಫಿಯೆ ಅವರನ್ನು ಕೊನೆಗೆ ನೀರಿನಿಂದ ಎತ್ತಿಕೊಂಡವರು ಆಗ ಅರವತ್ತೊಂದರ ಹರೆಯದ ಝಾನ್ ಲೆ ಕಾಮ್. ಹುಡುಕಾಟದಲ್ಲಿ ಕಳೆದ ಹೊತ್ತನ್ನು ನ್ಯಾಯಮಂಡಳಿ ಗಂಟೆ ನಿಮಿಷಗಳಲ್ಲಿ ಅಳೆದು ಅವರವರಿಗೆ ಹಿಂದಿರುಗಿಸಿತು: ಲೆ ಕಾಮ್ ಅವರಿಗೆ ಹದಿನಾರು ಗಂಟೆ ಹದಿನೈದು ನಿಮಿಷ, ಬೆಸ್ತಾವೆನ್ ಅವರಿಗೆ ಹತ್ತೂಕಾಲು ಗಂಟೆ.

ಈ ಬರಹಕ್ಕೆ ಕಾರಣವಾದದ್ದು ಆ ರಾತ್ರಿ. ನಾನು ಪಂದ್ಯದವನಲ್ಲ. ಬಿಡುವಿನ ದಿನ ಹದಿನಾಲ್ಕು ಅಡಿಯ ಹಾಯಿದೋಣಿಯೊಂದನ್ನು ಜಲಾಶಯದ ಹಿನ್ನೀರಿಗೆ ಇಳಿಸಿ, ಗಾಳಿ ಕರೆದೊಯ್ದಷ್ಟು ದೂರ ಹೋಗಿ, ಹೊಟ್ಟೆ ಹಸಿದಾಗ ಮರಳುವವನು. ಇಂಥವರಿಗೆ ಪಂದ್ಯದ ನಾವಿಕರ ಬಗ್ಗೆ ಒಂದು ಬಗೆಯ ಸಾತ್ವಿಕ ತಿರಸ್ಕಾರವಿರುವುದು ಸಾಮಾನ್ಯ. ಗಾಳಿ ಅವರಿಗೆ ಇಂಧನ, ಅಲೆ ಅವರಿಗೆ ಅಡ್ಡಿ, ಜೊತೆಗಾರ ಅವರಿಗೆ ಶತ್ರು. ನಮಗಾದರೋ ಗಾಳಿ ಗಾಳಿಯೇ ಎಂದು ದಡದಲ್ಲಿ ಕುಳಿತು ಚಹಾ ಕುಡಿಯುತ್ತ ಹೇಳಿಕೊಳ್ಳುತ್ತೇವೆ. ನಾನೂ ಬಹುಕಾಲ ಹೇಳಿಕೊಂಡೆ. ಜೈನಗ್ರಂಥಗಳ ಅಧ್ಯಯನ ನನ್ನ ವೃತ್ತಿಯಾದ್ದರಿಂದ ಈ ತಿರಸ್ಕಾರಕ್ಕೆ ಶಾಸ್ತ್ರದ ಆಧಾರವನ್ನೂ ಹುಡುಕಿಕೊಂಡಿದ್ದೆ: ಸ್ಪರ್ಧೆ ಎಂದರೆ ಮಾನಕಷಾಯ, ಗೆಲುವಿನ ಆಸೆ ಎಂದರೆ ಪರಿಗ್ರಹ, ನನ್ನ ನಿರುದ್ದೇಶ ವಿಹಾರವೋ ಅವೆರಡರಿಂದಲೂ ದೂರ.

ಶಾಸ್ತ್ರವನ್ನು ಮತ್ತೊಮ್ಮೆ ತೆರೆದಾಗ ಈ ಸಮಾಧಾನ ಉಳಿಯಲಿಲ್ಲ. ಗೃಹಸ್ಥನ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ಇಷ್ಟು ದೂರ ಮಾತ್ರ ಹೋಗುವೆನೆಂದು ಎಲ್ಲೆ ಹಾಕಿಕೊಳ್ಳುವುದು ಅದರ ಸ್ವರೂಪ. ಸಮಂತಭದ್ರರ ರತ್ನಕರಂಡಕವು ಹೇಳುವ ಎಲ್ಲೆಗಳ ಪಟ್ಟಿಯಲ್ಲಿ ಮೊದಲು ಬರುವುದೇ ಸಮುದ್ರ, ಆಮೇಲೆ ನದಿ, ಅಡವಿ, ಗಿರಿ. ಅಂದರೆ ಕಡಲು ಅಲ್ಲಿ ದಾರಿಯಲ್ಲ, ಗೋಡೆ. ಇಷ್ಟಾದರೆ ಜಲಾಶಯದವನು ತಪ್ಪಿಸಿಕೊಂಡಾನು. ಅವನ ಎಲ್ಲೆ ಅಣೆಕಟ್ಟಿನ ಗೋಡೆಯೇ ಆಗಿದೆ. ಆದರೆ ಅನರ್ಥದಂಡವ್ರತದಲ್ಲಿ ಅವನು ಸಿಕ್ಕಿಬೀಳುತ್ತಾನೆ. ಪ್ರಯೋಜನವಿಲ್ಲದ ಪಾಪಕಾರ್ಯವೇ ಅನರ್ಥದಂಡ. ಅದರ ಐದು ಬಗೆಗಳಲ್ಲಿ ಒಂದಾದ ಪ್ರಮಾದಚರ್ಯೆಯನ್ನು ವಿವರಿಸುವಾಗ ಸಮಂತಭದ್ರರು ಮಣ್ಣು, ನೀರು, ಬೆಂಕಿ, ಗಾಳಿಗಳನ್ನು ಸುಮ್ಮನೆ ಕಲಕುವುದನ್ನೂ, ಸುಮ್ಮನೆ ತಿರುಗಾಡುವುದನ್ನೂ, ಇತರರನ್ನು ತಿರುಗಾಡಿಸುವುದನ್ನೂ ಹೆಸರಿಸುತ್ತಾರೆ. ಭಾನುವಾರದ ನನ್ನ ವಿಹಾರಕ್ಕೆ ಇದಕ್ಕಿಂತ ನಿಖರವಾದ ಲಕ್ಷಣವಾಕ್ಯ ಬೇಕೇ? ನೀರೂ ಇದೆ, ಗಾಳಿಯೂ ಇದೆ, ಸುಮ್ಮನೆ ತಿರುಗಾಟವೂ ಇದೆ. ಎಳೆಯರನ್ನು ಕೂರಿಸಿಕೊಂಡು ಹೋದ ದಿನ ತಿರುಗಾಡಿಸಿದ ಪಾಪವೂ ಕೂಡಿಕೊಳ್ಳುತ್ತದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಈ ವ್ರತವು ಖಂಡಿಸುವುದು ಅರ್ಥವಿಲ್ಲದ್ದನ್ನು. ಅರ್ಥವಿದ್ದು ಮಾಡುವ ಹಿಂಸೆಯನ್ನು ಅದು ಪೂರ್ತಿ ಕ್ಷಮಿಸದಿದ್ದರೂ ಬೇರೆ ಕೋಷ್ಟಕದಲ್ಲಿ ಇಡುತ್ತದೆ. ನಮ್ಮ ಕಥಾಸಾಹಿತ್ಯದ ಕಡಲಯಾನಗಳೆಲ್ಲ ಅರ್ಥವುಳ್ಳವು. ಜ್ಞಾತಾಧರ್ಮಕಥೆಯ ಜಿನಪಾಲಿತ ಜಿನರಕ್ಷಿತರು ಹಡಗೇರಿದ್ದು ವ್ಯಾಪಾರಕ್ಕೆ, ಹರಿವಂಶದ ಚಾರುದತ್ತನು ಹೋದದ್ದು ಕಳೆದುಕೊಂಡ ಸಂಪತ್ತನ್ನು ಮರಳಿ ಗಳಿಸಲು, ಶ್ರೀಪಾಲನನ್ನು ಕಡಲಿಗೆ ತಳ್ಳಿದ್ದೂ ಒಬ್ಬ ವರ್ತಕನೇ. ವಿನೋದಕ್ಕಾಗಿ ಹಡಗೇರಿದ ಶ್ರಾವಕನೊಬ್ಬನನ್ನು ನಾನು ಈವರೆಗೆ ಓದಿಲ್ಲ. ಹಾಗೆ ನೋಡಿದರೆ ಪಂದ್ಯದ ನಾವಿಕನಿಗೆ ಒಂದು ಅರ್ಥವಾದರೂ ಇದೆ: ಹೊರಡುವ ಗೆರೆ, ಸೇರುವ ಗೆರೆ, ನಡುವೆ ಒಂದು ನಿಯಮಾವಳಿ. ಶಾಸ್ತ್ರವನ್ನು ಅಕ್ಷರಶಃ ಹಿಡಿದರೆ ಇಬ್ಬರಲ್ಲಿ ಹೆಚ್ಚು ದೋಷಿ ನಾನೇ. ಬಿಡುವಿನ ನಾವಿಕನ ತಿರಸ್ಕಾರಕ್ಕೆ ಆಧಾರವೆಂದು ತೆರೆದ ಗ್ರಂಥವೇ ಅವನ ವಿರುದ್ಧ ಸಾಕ್ಷಿ ಹೇಳುತ್ತದೆ.

ಕುಶಲತೆಯ ಮಾತೂ ಇದೆ. ಒಂಟಿ ದೋಣಿಗೆ ತಾನು ನಿಧಾನವೆಂದು ಎಂದೂ ತಿಳಿಯುವುದಿಲ್ಲ. ಹಾಯಿಯನ್ನು ಒಂದಿಷ್ಟು ಹೆಚ್ಚು ಬಿಗಿದಿದ್ದೇವೆ, ಚುಕ್ಕಾಣಿಯನ್ನು ಅನಗತ್ಯವಾಗಿ ಅಲುಗಿಸುತ್ತಿದ್ದೇವೆ ಎಂಬ ಅರಿವು ಪಕ್ಕದಲ್ಲಿ ಅದೇ ಅಳತೆಯ ಇನ್ನೊಂದು ದೋಣಿ ಹತ್ತು ಮಾರು ಮುಂದೆ ಸರಿದಾಗ ಮಾತ್ರ ಮೂಡುತ್ತದೆ. ನಾನು ಹಾಯಿಯ ಬಗ್ಗೆ ಬಲ್ಲ ಬಹುಪಾಲು ಸಂಗತಿಗಳು ಪಂದ್ಯದವರು ಕಂಡುಕೊಂಡು ಬಿಸಾಡಿದವು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎರಡನೆಯ ಹಸ್ತಪ್ರತಿ ಸಿಕ್ಕುವವರೆಗೆ ಮೊದಲನೆಯದರ ತಪ್ಪುಗಳು ಪಾಠದಂತೆಯೇ ಕಾಣುತ್ತವೆ.

ಇನ್ನು ಮುಖ್ಯ ವಿಷಯ. ಹಾಯಿಪಂದ್ಯಗಳ ಚರಿತ್ರೆಯಲ್ಲಿ ನಮ್ಮಂಥವರು ಸದಾ ಎತ್ತಿಹಿಡಿಯುವ ಹೆಸರೊಂದಿದೆ: ಬರ್ನಾರ್ ಮ್ವಾತೆಸ್ಯೆ. 1968ರಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆಯು ಗೋಲ್ಡನ್ ಗ್ಲೋಬ್ ಎಂಬ ಪಂದ್ಯವನ್ನು ಘೋಷಿಸಿತು. ಏಕಾಂಗಿಯಾಗಿ, ತಡೆಯಿಲ್ಲದೆ ಭೂಪ್ರದಕ್ಷಿಣೆ ಮಾಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಜೂನ್ 1ರಿಂದ ಅಕ್ಟೋಬರ್ 31ರ ಒಳಗೆ ಯಾವ ದಿನವಾದರೂ ಹೊರಡಬಹುದು. ಮೊದಲು ಮರಳಿದವರಿಗೆ ಬಂಗಾರದ ಗೋಳ, ಕಡಿಮೆ ದಿನಗಳಲ್ಲಿ ಮುಗಿಸಿದವರಿಗೆ 5,000 ಪೌಂಡು. ಒಂಬತ್ತು ಜನ ಹೊರಟರು. ಮ್ವಾತೆಸ್ಯೆ ಹನೋಯಿಯಲ್ಲಿ ಹುಟ್ಟಿ ಇಂಡೋಚೈನಾದಲ್ಲಿ ಬೆಳೆದ ಫ್ರೆಂಚರು. ತಮ್ಮ ಉಕ್ಕಿನ ದೋಣಿಗೆ ಜೋಶುವಾ ಎಂದು ಹೆಸರಿಟ್ಟದ್ದು ಹಿಂದಿನ ಶತಮಾನದ ಏಕಾಂಗಿ ನಾವಿಕ ಜೋಶುವಾ ಸ್ಲೋಕಮ್ ನೆನಪಿಗೆ. ಆಗಸ್ಟ್ 22ರಂದು ಹೊರಟು, ಮೂರು ಮಹಾಭೂಶಿರಗಳನ್ನೂ ದಾಟಿ, 1969ರ ಫೆಬ್ರವರಿಯಲ್ಲಿ ಅಟ್ಲಾಂಟಿಕಿಗೆ ಮರಳಿದಾಗ ವೇಗದ ಬಹುಮಾನ ಅವರ ಕೈಗೆಟುಕುವಂತಿತ್ತು. ಆಗ ಅವರು ಉತ್ತರಕ್ಕೆ ತಿರುಗಲಿಲ್ಲ. ಮಾರ್ಚಿನಲ್ಲಿ ಕೇಪ್‌ಟೌನಿನ ಬಳಿ ಹಡಗೊಂದರ ಮೇಲಕ್ಕೆ ಕವಣೆಯಿಂದ ಚೀಟಿಯೊಂದನ್ನು ಎಸೆದರು. ಪೆಸಿಫಿಕ್ ದ್ವೀಪಗಳತ್ತ ಮುಂದುವರಿಯುತ್ತೇನೆ, ಕಡಲಿನಲ್ಲಿ ಸುಖವಾಗಿದ್ದೇನೆ, ಬಹುಶಃ ಆತ್ಮವನ್ನು ಉಳಿಸಿಕೊಳ್ಳಲೂ ಇದು ದಾರಿ ಎಂಬುದು ಅದರ ತಾತ್ಪರ್ಯ. ಮತ್ತೆ ಅರ್ಧ ಭೂಮಿಯನ್ನು ಸುತ್ತಿ ಜೂನಿನಲ್ಲಿ ತಾಹಿತಿಯನ್ನು ತಲುಪಿದರು.

ಈ ಕಥೆಯನ್ನು ಕೇಳಿದ ಜೈನಸಾಹಿತ್ಯದ ಓದುಗನಿಗೆ ಬಾಹುಬಲಿ ನೆನಪಾಗದಿರಲು ಸಾಧ್ಯವಿಲ್ಲ. ನಾನೇ ತರಗತಿಯಲ್ಲಿ ಎಷ್ಟೋ ವರ್ಷ ಈ ಹೋಲಿಕೆಯನ್ನು ಹೇಳಿದ್ದೇನೆ; ಗೆಲುವು ಕೈಯಳತೆಯಲ್ಲಿರುವಾಗ ಬಿಟ್ಟುಕೊಟ್ಟವರು ಎಂದು ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೊಗಳಿದ್ದೇನೆ. ಈಗ ಅದನ್ನು ಹಿಂತೆಗೆದುಕೊಳ್ಳಬೇಕಾಗಿದೆ. ಹೋಲಿಕೆ ಆಕರ್ಷಕ, ಆದರೆ ತಪ್ಪು. ಆ ತಪ್ಪಿನಿಂದ ಆದಿಪುರಾಣದ ಓದಿಗೂ ಹಾನಿಯಿದೆ.

ಜಿನಸೇನರ ಸಂಸ್ಕೃತ ಆದಿಪುರಾಣದಲ್ಲಿಯೂ, ಅದನ್ನು ಅನುಸರಿಸಿ ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ಕನ್ನಡ ಆದಿಪುರಾಣದಲ್ಲಿಯೂ ಭರತ ಬಾಹುಬಲಿಯರ ಸ್ಪರ್ಧೆ ಹುಟ್ಟುವುದು ಒಂದು ವಿವೇಕದಿಂದ. ಎರಡು ಸೈನ್ಯಗಳು ಎದುರಾದಾಗ ಮಂತ್ರಿಗಳು ಯೋಚಿಸುತ್ತಾರೆ: ಇಬ್ಬರೂ ಚರಮದೇಹಿಗಳು, ಅವರಿಗೆ ಸಾವಿಲ್ಲ, ಸಾಯುವವರು ಉಳಿದವರು. ಆದ್ದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಧರ್ಮಯುದ್ಧಗಳ ಏರ್ಪಾಡು. ಸ್ಪರ್ಧೆ ಅಲ್ಲಿ ಹಿಂಸೆಯ ರೂಪವಲ್ಲ, ಹಿಂಸೆಗೆ ಬದಲಿ. ಬಾಹುಬಲಿ ಆ ಮೂರರಿಂದಲೂ ಹಿಂದೆ ಸರಿಯುವುದಿಲ್ಲ. ಕೊಳದ ನೀರನ್ನು ಎರಚುವಾಗ ಅಣ್ಣನಿಗಿಂತ ಎತ್ತರವಾಗಿದ್ದ ಅವನ ಎದೆಯವರೆಗೆ ಮಾತ್ರ ಭರತನ ನೀರು ತಲುಪಿತೆಂಬ ವಿವರವನ್ನು ಪುರಾಣವು ಸಂಕೋಚವಿಲ್ಲದೆ ಹೇಳುತ್ತದೆ. ಅವನು ಪೂರ್ಣಬಲದಿಂದ ಆಡುತ್ತಾನೆ, ಮೂರನ್ನೂ ಗೆಲ್ಲುತ್ತಾನೆ, ಕೊನೆಯಲ್ಲಿ ಅಣ್ಣನನ್ನು ಎತ್ತಿಹಿಡಿಯುತ್ತಾನೆ. ಸೋತವನು ಒಪ್ಪಂದವನ್ನು ಮುರಿದು ಚಕ್ರವನ್ನು ಪ್ರಯೋಗಿಸಿದ ಮೇಲೆ, ಆ ಚಕ್ರ ತನ್ನನ್ನು ಪ್ರದಕ್ಷಿಣೆ ಬಂದು ನಿಂತ ಮೇಲೆ, ರಾಜ್ಯವೆಂಬುದು ಇಂಥ ಅಣ್ಣನನ್ನು ಹೀಗೆ ಮಾಡಬಲ್ಲುದೆಂದು ಕಂಡ ಮೇಲೆ ಅವನಿಗೆ ವೈರಾಗ್ಯ ಹುಟ್ಟುತ್ತದೆ. ವೈರಾಗ್ಯಕ್ಕೆ ಮುನ್ನ ಪಂದ್ಯ ಮುಗಿದಿದೆ, ಫಲಿತಾಂಶ ಎಲ್ಲರ ಕಣ್ಣೆದುರಿಗಿದೆ.

ಮ್ವಾತೆಸ್ಯೆ ಮುಗಿಸಲಿಲ್ಲ. ಇದು ಅವರ ಮೇಲಿನ ಆರೋಪವಲ್ಲ, ಸಂಗತಿ. ಮುಗಿಸದ ಪಂದ್ಯದಲ್ಲಿ ಅವರು ತ್ಯಜಿಸಿದ್ದು ಗೆಲುವನ್ನಲ್ಲ, ಗೆಲುವಿನ ಸಾಧ್ಯತೆಯನ್ನು. ಸಾಧ್ಯತೆಯನ್ನು ಬಿಟ್ಟವನ ಕೀರ್ತಿಗೆ ಒಂದು ವಿಚಿತ್ರ ಗುಣವಿದೆ: ಅದನ್ನು ಯಾರೂ ಸುಳ್ಳಾಗಿಸಲಾರರು. ಬ್ರಿಟನ್ನಿನತ್ತ ತಿರುಗಿದ್ದರೆ ಕೊನೆಯ ಸಾವಿರ ಮೈಲಿಗಳಲ್ಲಿ ಕೂವೆಮರ ಮುರಿಯಬಹುದಿತ್ತು. ತಿರುಗಲಿಲ್ಲವಾದ್ದರಿಂದ ಐದು ದಶಕಗಳ ಮೇಲೂ ಅಭಿಮಾನಿಗಳ ಪಾಲಿಗೆ ಅವರೇ ನಿಜವಾದ ವಿಜಯಿ. ಬಾಹುಬಲಿಗೆ ಅಂಥ ಅನುಕೂಲವಿರಲಿಲ್ಲ.

ಇನ್ನೊಂದು ಭೇದ ಇದಕ್ಕಿಂತ ಆಳವಾದುದು. ಬಾಹುಬಲಿ ಬಿಟ್ಟ ಮೇಲೆ ನಿಂತ. ಒಂದು ವರ್ಷದ ಪ್ರತಿಮಾಯೋಗ. ಕಾಲಿಗೆ ಬಳ್ಳಿ ಹಬ್ಬುವಷ್ಟು, ಹುತ್ತ ಬೆಳೆಯುವಷ್ಟು ಅಚಲ. ಮ್ವಾತೆಸ್ಯೆ ಬಿಟ್ಟ ಮೇಲೆ ಇನ್ನೂ ಹೋದರು. ಹಾಕಿಕೊಂಡ ಎಲ್ಲೆಯನ್ನು ಮೀರಿ ಮುಂದಕ್ಕೆ ಸರಿಸುವುದಕ್ಕೆ ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ ಎಂಬ ಹೆಸರಿದೆ. ಹಿಂದಿನ ಪಯಣದಲ್ಲಿ ಹಾರ್ನ್ ಭೂಶಿರವನ್ನು ಅವರ ಜೊತೆಗೇ ದಾಟಿದ್ದ ಮಡದಿ ಫ್ರಾನ್ಸಿನಲ್ಲಿ ಕಾಯುತ್ತಿದ್ದರು ಎಂಬುದನ್ನು ಹೊಗಳುವವರು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಬಿಡುವುದರಿಂದಲೇ ಮಾನ ಕರಗುತ್ತದೆಂಬ ಭ್ರಮೆಯೂ ನಮ್ಮ ಪರಂಪರೆಗಿಲ್ಲ. ನಿಂತ ಬಾಹುಬಲಿಗೂ ಕೇವಲಜ್ಞಾನ ಕೂಡಲೇ ಬರಲಿಲ್ಲ. ತನ್ನಿಂದ ಅಣ್ಣನಿಗೆ ಸಂಕ್ಲೇಶವಾಯಿತೆಂಬ ಭಾವ ಒಳಗೆ ಉಳಿದಿತ್ತೆಂದು ಜಿನಸೇನರು. ಮೊದಲೇ ದೀಕ್ಷೆ ಪಡೆದ ಕಿರಿಯ ತಮ್ಮಂದಿರಿಗೆ ವಂದಿಸಲಾರದ ಅಭಿಮಾನ ಉಳಿದಿತ್ತೆಂದು, ಬ್ರಾಹ್ಮಿ ಸುಂದರಿಯರು ಬಂದು ಆನೆಯ ಮೇಲಿಂದ ಇಳಿಯಲು ಹೇಳಬೇಕಾಯಿತೆಂದು ಹೇಮಚಂದ್ರರು. ಎರಡು ಪರಂಪರೆಗಳು ಕಾರಣದಲ್ಲಿ ಭಿನ್ನವಾದರೂ, ತ್ಯಾಗದ ಆಚೆಗೂ ಒಂದು ಶಲ್ಯ ಉಳಿಯಬಲ್ಲುದೆಂಬಲ್ಲಿ ಒಂದೇ.

ಹಾಗಾದರೆ ಆ ಒಂಬತ್ತು ಜನರಲ್ಲಿ ಬಾಹುಬಲಿಯ ಕಡೆಗೆ ಬೆರಳು ತೋರುವವರು ಯಾರೂ ಇಲ್ಲವೇ? ಇದ್ದಾರೆ, ಆದರೆ ನಾವು ನೋಡದ ಕಡೆ. ರಾಬಿನ್ ನಾಕ್ಸ್-ಜಾನ್ಸ್‌ಟನ್ ಆಗ ಇಪ್ಪತ್ತೊಂಬತ್ತು ವರ್ಷದ ವಾಣಿಜ್ಯ ನೌಕಾಧಿಕಾರಿ. ಅವರ ದೋಣಿ ಸುಹೈಲಿ ಮುಂಬಯಿಯಲ್ಲಿ, ಭಾರತದ ತೇಗದ ಮರದಲ್ಲಿ ಕಟ್ಟಿದ್ದು. ಉದ್ದ ಮೂವತ್ತೆರಡು ಅಡಿ. ಅರಬ್ ನಾವಿಕರು ಆಗ್ನೇಯದ ಗಾಳಿಯನ್ನು ಕರೆಯುವ ಹೆಸರು ಅದಕ್ಕೆ. ಸ್ಪರ್ಧಿಗಳಲ್ಲಿ ಅತಿ ನಿಧಾನವಾದ ದೋಣಿಗಳ ಸಾಲಿಗೆ ಸೇರಿದ್ದ ಅದನ್ನು ಗೆಲ್ಲಬಹುದಾದುದೆಂದು ಹೆಚ್ಚು ಜನ ಎಣಿಸಿರಲಿಲ್ಲ. 1968ರ ಜೂನ್ 14ರಂದು ಫಾಲ್‌ಮತ್ ಬಂದರಿನಿಂದ ಹೊರಟು 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿದರು: 312 ದಿನ. ಒಂಬತ್ತರಲ್ಲಿ ಮುಗಿಸಿದವರು ಅವರೊಬ್ಬರೇ. (2025ರ ಜನವರಿಯಲ್ಲಿ ಅದೇ ಚಾರ್ಲಿ ಡಾಲಿನ್ ವಾಂದೇ ಗ್ಲೋಬ್ ಪಂದ್ಯವನ್ನು 64 ದಿನ 19 ಗಂಟೆಗಳಲ್ಲಿ ಮುಗಿಸಿದರು. ನೀರಿನಿಂದ ಮೇಲೆದ್ದು ಹಾರುವ ರೆಕ್ಕೆಗಳ ಆ ದೋಣಿಗೂ ಸುಹೈಲಿಗೂ ಹಾಯಿಯೊಂದನ್ನು ಬಿಟ್ಟರೆ ಸಾಮ್ಯ ಕಡಿಮೆ.)

ಉಳಿದವರ ಕಥೆ ದಾರುಣ. ಡೊನಾಲ್ಡ್ ಕ್ರೌಹರ್ಸ್ಟ್ ಕೊನೆಯ ದಿನ, ಅಕ್ಟೋಬರ್ 31ರಂದು, ಸಿದ್ಧವಾಗಿರದ ಮೂರೊಡಲಿನ ದೋಣಿಯಲ್ಲಿ ಹೊರಟರು. ದಕ್ಷಿಣ ಮಹಾಸಾಗರಕ್ಕೆ ಆ ದೋಣಿ ಒಯ್ಯುವಂಥದ್ದಲ್ಲವೆಂದು ಬೇಗನೆ ತಿಳಿಯಿತು. ಮರಳಿದರೆ ಸಾಲ ಮತ್ತು ನಗೆಪಾಟಲು, ಮುಂದುವರಿದರೆ ಸಾವು. ಅವರು ಮೂರನೆಯ ದಾರಿ ಹಿಡಿದರು: ಅಟ್ಲಾಂಟಿಕಿನಲ್ಲಿಯೇ ಸುಳಿದಾಡುತ್ತ, ಭೂಮಿಯನ್ನು ಸುತ್ತುತ್ತಿರುವಂತೆ ಸುಳ್ಳು ನೆಲೆಗಳನ್ನು ತಿಳಿಸುತ್ತ ಬಂದರು. ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ಕೂಟಲೇಖಕ್ರಿಯೆ ಎಂಬುದನ್ನು ಬೇರೆಯಾಗಿಯೇ ಹೆಸರಿಸುತ್ತದೆ. ಬಾಯಿಯ ಸುಳ್ಳಿಗೂ ಬರಹದ ಸುಳ್ಳಿಗೂ ಏಕೆ ಪ್ರತ್ಯೇಕ ಹೆಸರು ಎಂದು ವಿದ್ಯಾರ್ಥಿಯಾಗಿದ್ದಾಗ ನಾನು ಕೇಳಿದ್ದುಂಟು. ಕ್ರೌಹರ್ಸ್ಟ್ ಪ್ರಸಂಗ ಓದಿದ ಮೇಲೆ ಕೇಳಲಿಲ್ಲ. ಆಡಿದ ಸುಳ್ಳು ಗಾಳಿಯಲ್ಲಿ ಹೋಗುತ್ತದೆ. ಬರೆದ ಸುಳ್ಳನ್ನು ನಾಳೆಯೂ ಬರೆಯಬೇಕು. ನಿನ್ನೆಯ ಸುಳ್ಳು ಅಕ್ಷಾಂಶಕ್ಕೆ ಇಂದಿನ ಸುಳ್ಳು ರೇಖಾಂಶ ಹೊಂದಬೇಕು, ಕಾಣದ ನಕ್ಷತ್ರಗಳ ಎತ್ತರವನ್ನು ಗಣಿಸಿ ಹಿಮ್ಮುಖವಾಗಿ ಬರೆಯಬೇಕು. ನಿಜವಾಗಿ ಸುತ್ತುವುದಕ್ಕಿಂತ ಕಷ್ಟದ ಗಣಿತ ಅದು. ಅವರ ಸುಳ್ಳಿಗೆ ಬಲಿಯಾದದ್ದು ಇನ್ನೊಬ್ಬರ ದೋಣಿಯೂ ಹೌದು. ಕ್ರೌಹರ್ಸ್ಟ್ ಹಿಂದೆಯೇ ಬರುತ್ತಿದ್ದಾರೆಂದು ನಂಬಿ, ಜೀರ್ಣವಾಗಿದ್ದ ತಮ್ಮ ದೋಣಿಯನ್ನು ಓಡಿಸಿದ ನೈಜೆಲ್ ಟೆಟ್ಲಿ ಮೇ 21ರಂದು, ಮನೆಗೆ ಸಾವಿರದ ನೂರು ಮೈಲಿಗಳಷ್ಟೇ ಉಳಿದಿರುವಾಗ, ಅದನ್ನು ಕಳೆದುಕೊಂಡರು. ಆಗ ವೇಗದ ಬಹುಮಾನ ಕ್ರೌಹರ್ಸ್ಟರಿಗೇ ಬರುವಂತಾಯಿತು, ಬಹುಮಾನ ಬಂದರೆ ದಿನಚರಿಯ ಪರೀಕ್ಷೆಯೂ ಬರುತ್ತದೆ. ಜುಲೈ 10ರಂದು ಅವರ ದೋಣಿ ಖಾಲಿಯಾಗಿ ತೇಲುತ್ತಿರುವುದು ಕಂಡುಬಂತು. ನಿಜದ ದಿನಚರಿ ಅದರಲ್ಲಿಯೇ ಇತ್ತು. ಅವರು ಸಿಗಲಿಲ್ಲ. ಮನೆಯಲ್ಲಿ ಮಡದಿ ಮತ್ತು ನಾಲ್ವರು ಮಕ್ಕಳು.

ಮುಗಿಸಿದವರು ಒಬ್ಬರೇ ಆದ್ದರಿಂದ ಎರಡು ಬಹುಮಾನಗಳೂ ನಾಕ್ಸ್-ಜಾನ್ಸ್‌ಟನ್ ಅವರಿಗೆ ಬಂದವು. 5,000 ಪೌಂಡನ್ನು ಅವರು ಕ್ರೌಹರ್ಸ್ಟ್ ಕುಟುಂಬದ ನಿಧಿಗೆ ಕೊಟ್ಟರು. ವಂಚನೆಯ ಸುದ್ದಿ ಹೊರಬಂದ ಮೇಲೂ ಆ ದಾನ ಹಿಂದಕ್ಕೆ ಬರಲಿಲ್ಲ.

ಬಾಹುಬಲಿಯ ಮಾತನ್ನು ಇಲ್ಲಿ ಎಳೆದು ತರಬೇಡಿ, ಇವರು ರಾಜ್ಯ ಬಿಡಲಿಲ್ಲ, ತಪಸ್ಸಿಗೆ ನಿಲ್ಲಲಿಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ. ಹಣ ಕೊಟ್ಟ ಗೃಹಸ್ಥನನ್ನು ಕಾಮದೇವನಿಗೆ ಸಮನೆಂದು ನಾನು ಹೇಳುತ್ತಿಲ್ಲ. ಹೇಳುತ್ತಿರುವುದು ರಚನೆಯ ಬಗ್ಗೆ: ಪೂರ್ಣಬಲದಿಂದ ಆಡುವುದು, ನಿಯಮದೊಳಗೆ ಗೆಲ್ಲುವುದು, ಎದುರಾಳಿಯು ನಿಯಮ ಮುರಿದುದನ್ನು ಕಾಣುವುದು, ಆಮೇಲೆ ಗೆದ್ದುದನ್ನು ಮುರಿದವನ ಕಡೆಗೇ ಬಿಟ್ಟುಕೊಡುವುದು. ಈ ನಾಲ್ಕು ಹೆಜ್ಜೆಗಳು ಪಂಪನಲ್ಲಿ ಇದೇ ಕ್ರಮದಲ್ಲಿವೆ, ಮ್ವಾತೆಸ್ಯೆಯಲ್ಲಿ ಇಲ್ಲ. ನಾವು ಬಿಡುವಿನ ನಾವಿಕರು ಮ್ವಾತೆಸ್ಯೆಯನ್ನು ಪೂಜಿಸುವುದಕ್ಕೆ ವೈರಾಗ್ಯಕ್ಕಿಂತ ಬೇರೆಯೇ ಕಾರಣವಿದೆಯೆಂದು ನನಗೀಗ ತೋರುತ್ತದೆ. ಅವರು ನಮ್ಮ ಆಲಸ್ಯಕ್ಕೊಂದು ಭವ್ಯ ಚಿತ್ರವನ್ನು ಒದಗಿಸುತ್ತಾರೆ. ಅವರು ಸಾವಿರಾರು ಮೈಲಿಗಳ ಬಿರುಗಾಳಿಯನ್ನು ಒಬ್ಬಂಟಿಯಾಗಿ ಕಳೆದು ಬಿಟ್ಟದ್ದನ್ನು ನಾವು ಎಂದೂ ಹಿಡಿಯದೆಯೇ ಬಿಟ್ಟಿದ್ದೇವೆ.

ಮೊದಲಿನ ಆ ಹತ್ತೂಕಾಲು ಗಂಟೆಗೆ ಮರಳುತ್ತೇನೆ. ಹಾಯಿಪಂದ್ಯದ ನಿಯಮಾವಳಿಯ ಮೊದಲ ನಿಯಮವೇ ಆಪತ್ತಿನಲ್ಲಿರುವವರಿಗೆ ಸಾಧ್ಯವಾದ ನೆರವನ್ನೆಲ್ಲ ನೀಡಬೇಕೆಂಬುದು. ದಾರಿಯ ಹಕ್ಕು, ತಿರುವಿನ ಹಕ್ಕುಗಳೆಲ್ಲ ಆಮೇಲೆ. 1988ರ ಒಲಿಂಪಿಕ್ಸಿನಲ್ಲಿ ಎರಡನೆಯ ಸ್ಥಾನದಲ್ಲಿದ್ದ ಕೆನಡಾದ ಲಾರೆನ್ಸ್ ಲೆಮ್ಯೂ, ಮಗುಚಿದ ದೋಣಿಯ ಇಬ್ಬರು ಸಿಂಗಾಪುರದ ನಾವಿಕರನ್ನು ಎತ್ತಿಕೊಳ್ಳಲು ದಾರಿ ಬಿಟ್ಟರು. ಆ ಓಟದಲ್ಲಿ ಅವರಿಗೆ ಎರಡನೆಯ ಸ್ಥಾನವನ್ನೇ ಉಳಿಸಿಕೊಡಲಾಯಿತು. ಇದನ್ನು ಕೇಳಿದ ಗೆಳೆಯರೊಬ್ಬರು, ಪುಣ್ಯವನ್ನೂ ಗಡಿಯಾರದಲ್ಲಿ ಅಳೆಯುವವರು ಎಂದು ನಕ್ಕರು. ಅವರ ನಗೆ ನನಗೆ ಒಪ್ಪಿಗೆಯಾಗಲಿಲ್ಲ. ಅಲ್ಲಿ ಕೊಡುವುದು ಬಹುಮಾನವಲ್ಲ, ಕಳೆದ ಹೊತ್ತು. ಒಂದು ನಿಮಿಷವೂ ಹೆಚ್ಚಿಲ್ಲ. ನೆರವಿನಿಂದ ಲಾಭವಾಗಬಾರದು, ನಷ್ಟವೂ ಆಗಬಾರದು ಎಂಬ ಎಚ್ಚರ ಆ ಲೆಕ್ಕದಲ್ಲಿದೆ. ದಾನದ ಫಲವನ್ನು ಮುಂದಿನ ಭವದ ಐಶ್ವರ್ಯದಲ್ಲಿ ಗುಣಿಸಿ ತೋರಿಸುವ ನಮ್ಮ ಎಷ್ಟೋ ಕಥೆಗಳಿಗಿಂತ ಈ ಲೆಕ್ಕ ಶುದ್ಧವೆಂದರೆ ಪಂಡಿತರು ಮುನಿಯಬಾರದು.

ಲೆ ಕಾಮ್ ಅವರದಂತೂ ಎರಡು ತುದಿಗಳುಳ್ಳ ಕಥೆ. 2009ರ ಜನವರಿಯಲ್ಲಿ ಇದೇ ಪಂದ್ಯದಲ್ಲಿ ಹಾರ್ನ್ ಭೂಶಿರದ ಬಳಿ ಅವರ ದೋಣಿ ಮಗುಚಿತ್ತು. ಆಗ ಅವರನ್ನು ಎತ್ತಿಕೊಂಡವರು ಪಿಆರ್‌ಬಿ ಎಂಬ ಹೆಸರಿನ ದೋಣಿಯ ವೆನ್ಸಾಂ ರಿಯು. ಹನ್ನೊಂದು ವರ್ಷಗಳ ಮೇಲೆ ಅದೇ ಹೆಸರು ಹೊತ್ತ ಇನ್ನೊಂದು ದೋಣಿ ಮುಳುಗಿದಾಗ ಎತ್ತಿಕೊಂಡವರು ಲೆ ಕಾಮ್. ಭವಾವಳಿಗಳನ್ನು ಓದಿ ಅಭ್ಯಾಸವಾದವರಿಗೆ ಇಂಥದ್ದು ಅಚ್ಚರಿಯಲ್ಲ. ಒಂದೇ ಭವದಲ್ಲಿ ನಡೆದದ್ದಷ್ಟೇ ಹೊಸದು.

ಪಂದ್ಯದ ಇನ್ನೊಂದು ನಿಯಮ ನನ್ನನ್ನು ಇದಕ್ಕಿಂತಲೂ ಹೆಚ್ಚು ಕಾಡಿದೆ. ಸಾಮಾನ್ಯ ಗುಂಪುಪಂದ್ಯಗಳಲ್ಲಿ ಪ್ರತಿ ದೋಣಿಯ ಬೆನ್ನಿಗೂ ತೀರ್ಪುಗಾರ ಇರುವುದಿಲ್ಲ. ತಪ್ಪು ಮಾಡಿದವನು ತಾನೇ ಒಪ್ಪಿಕೊಂಡು, ಉಳಿದವರಿಂದ ದೂರ ಸರಿದು, ದೋಣಿಯನ್ನು ಸುತ್ತು ತಿರುಗಿಸಬೇಕು: ಇನ್ನೊಂದು ದೋಣಿಯ ಹಕ್ಕನ್ನು ಕೆಡಿಸಿದರೆ ಎರಡು ಸುತ್ತು, ತಿರುವಿನ ಗುರುತನ್ನು ತಾಗಿದರೆ ಒಂದು. ಇದಕ್ಕೆ ಪ್ರತಿಕ್ರಮಣವೆನ್ನದೆ ಏನೆನ್ನಲಿ? ಆ ಶಬ್ದದ ಅರ್ಥವೇ ಹಿಂದಿರುಗಿ ಬರುವುದು. ದೂರಸಾಗರದ ಪಂದ್ಯಗಳಲ್ಲಿ ತಪ್ಪಿಗೆ ಗಂಟೆಗಳ ದಂಡವೂ ಉಂಟು. ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಛೇದ ಎಂಬುದನ್ನು ಬಲ್ಲವರು ಇದನ್ನು ಕೂಡಲೇ ಗುರುತಿಸುತ್ತಾರೆ. ದೋಷಕ್ಕೆ ತಕ್ಕಂತೆ ಮುನಿಯ ದೀಕ್ಷಾಕಾಲದಿಂದ ದಿನ, ಪಕ್ಷ, ಮಾಸಗಳನ್ನು ಕತ್ತರಿಸುವುದು ಛೇದ. ನಿನ್ನೆ ಕಿರಿಯರಾಗಿದ್ದವರು ಇಂದು ಹಿರಿಯರಾಗುತ್ತಾರೆ, ಸಾಲಿನಲ್ಲಿ ಮುಂದೆ ನಿಲ್ಲುತ್ತಾರೆ. ಬೆಸ್ತಾವೆನ್ ಅವರಿಗೆ ಸಿಕ್ಕಿದ್ದು ಛೇದದ ವಿಲೋಮ. ಅದಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರಿದ್ದರೆ ಬಲ್ಲವರು ತಿಳಿಸಬೇಕು.

ಕೆಲವು ವರ್ಷಗಳ ಹಿಂದೆ, ನಾನು ದೋಣಿ ಇಳಿಸುವ ಹಿನ್ನೀರಿನಲ್ಲಿಯೇ ಮಕ್ಕಳ ಪಂದ್ಯವೊಂದು ನಡೆಯಿತು. ಆಪ್ಟಿಮಿಸ್ಟ್ ಎಂಬ, ಸ್ನಾನದ ತೊಟ್ಟಿಯ ಆಕಾರದ ಪುಟ್ಟ ದೋಣಿಗಳು, ಒಂದೊಂದರಲ್ಲಿ ಒಂದೊಂದು ಮಗು. ನಾನು ನನ್ನ ದೋಣಿಯನ್ನು ದೂರದ ಜೊಂಡಿನ ಬಳಿ ನಿಲ್ಲಿಸಿಕೊಂಡು ನೋಡುತ್ತಿದ್ದೆ. ಅತಿ ದೂರದ ತಿರುವಿನಲ್ಲಿ, ತೀರ್ಪುಗಾರರ ದೋಣಿಗೆ ಕಾಣದ ಬದಿಯಲ್ಲಿ, ಹನ್ನೊಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಹಾಯಿಯ ಕೋಲು ಕಿತ್ತಳೆ ಬಣ್ಣದ ಬುರುಡೆಯನ್ನು ಸವರಿತು. ನೋಡಿದವನು ನಾನೊಬ್ಬನೇ, ನಾನಿದ್ದುದು ಅವಳಿಗೆ ತಿಳಿದಿರಲಾರದು. ಅವಳು ಅತ್ತಿತ್ತ ನೋಡಲೂ ಇಲ್ಲ. ಚುಕ್ಕಾಣಿಯನ್ನು ಪೂರ್ತಿ ತಳ್ಳಿ ಒಂದು ಸುತ್ತು ತಿರುಗಿದಳು. ಗಾಳಿ ಬಿದ್ದಿದ್ದ ಮಧ್ಯಾಹ್ನವಾದ್ದರಿಂದ ಆ ಸುತ್ತಿಗೆ ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಮೂರು ದೋಣಿಗಳು ಅವಳನ್ನು ದಾಟಿಹೋದವು. ಸುತ್ತು ಮುಗಿಸಿ, ಹಾಯಿಯನ್ನು ಎಳೆದುಕೊಂಡು, ಅವುಗಳ ಹಿಂದೆ ಹೊರಟಳು.